ಹಳೆಯ ಮೆಕ್ಸಿಕೊ ನಾಣ್ಯ ಮಾರುವ ಹುಬ್ಬಳ್ಳಿಯ ಒಂದು ಅಂಗಡಿ

ದುರ್ಗದಬೈಲಿನ ಸಮೀಪದ ಓಣಿಯೊಂದರಲ್ಲಿ ಬೆಳ್ಳಿ ಸಾಮಾನಿನ ಜೊತೆಗೆ ಹಳೆಯ ನಾಣ್ಯಗಳನ್ನೂ ಮಾರುವ ಸಣ್ಣ ಅಂಗಡಿಯೊಂದಿದೆ. ಕಳೆದ ವಾರ ನಾನು ಅಲ್ಲಿ 1882ರ ಎಂಟು ರಿಯಾಲ್ ಬೆಲೆಯ ಬೆಳ್ಳಿ ನಾಣ್ಯವೊಂದನ್ನು ಕೊಂಡೆ. ಮೆಕ್ಸಿಕೊದ ಝಕಾಟೆಕಾಸ್ ಟಂಕಸಾಲೆಯ ಈ ನಾಣ್ಯದ ಒಂದು ಬದಿಗೆ ಹಾವನ್ನು ಹಿಡಿದ ಹದ್ದು, ಇನ್ನೊಂದು ಬದಿಗೆ ಕಿರಣಗಳ ನಡುವೆ ಸ್ವಾತಂತ್ರ್ಯದ ಸಂಕೇತವಾದ ಟೋಪಿ ಇದೆ.

ಮಾಲೀಕರು ಮುಂದಿಟ್ಟ ನಾಣ್ಯಗಳಲ್ಲಿ ಎರಡನ್ನು ಬೇರೆ ಮಾಡಿ, "ಇವು ಎರರ್ ಕಾಯಿನ್ ಅದಾವರಿ, ಎಲ್ಲೂ ಸಿಗೂದಿಲ್ಲ" ಎಂದು, ಅಂದರೆ ಟಂಕಸಾಲೆಯಲ್ಲೇ ದೋಷ ಉಳಿದ ನಾಣ್ಯಗಳೆಂದು, ಒಂದೊಂದಕ್ಕೂ ಎರಡು ಸಾವಿರ ರೂಪಾಯಿ ಹೆಚ್ಚು ಹೇಳಿದರು. ಭೂತಗನ್ನಡಿ ಹಿಡಿದು ನೋಡಿದಾಗ ಮೊದಲನೆಯದರಲ್ಲಿ ಅಂಚಿನಿಂದ ಹೊರಟ ಕೂದಲೆಳೆಯಂಥ ಗೆರೆಯೊಂದು ಹದ್ದಿನ ಮೇಲಿನ ಅಕ್ಷರಗಳ ತಲೆಯನ್ನು ಸವರುತ್ತ ಸಾಗಿತ್ತು, ಮತ್ತು ಅದು ಉಬ್ಬಿತ್ತು. ನಾಣ್ಯದ ಮೇಲೆ ಚಿತ್ರ ಒತ್ತುವ ಉಕ್ಕಿನ ಅಚ್ಚು ಸಾವಿರಾರು ಪೆಟ್ಟು ತಿಂದು ಸೀಳಿದಾಗ ಆ ಸೀಳಿನೊಳಗೆ ಬೆಳ್ಳಿ ನುಗ್ಗುವುದರಿಂದ ಅಚ್ಚಿನ ಬಿರುಕು ನಾಣ್ಯದ ಮೇಲೆ ಯಾವಾಗಲೂ ಉಬ್ಬುಗೆರೆಯಾಗಿಯೇ ಮೂಡುತ್ತದೆ. ಎರಡನೆಯದರ ಗೆರೆ ತಗ್ಗಾಗಿತ್ತು. ಅದು ಬರೀ ಗೀರು. ಇದನ್ನು ತೋರಿಸಿದ ಕೂಡಲೇ ಮಾಲೀಕರು ಮರುಮಾತಾಡದೆ ಅದರ ಬೆಲೆ ಇಳಿಸಿದರು.

ನಿಜವಾದ ಬಿರುಕಿಗೂ ಅಷ್ಟು ಹೆಚ್ಚು ಕೊಡುವುದು ಸರಿಯೆಂದು ನನಗೆ ಅನ್ನಿಸಲಿಲ್ಲ. 1823ರಿಂದ 1897ರವರೆಗೆ ಹತ್ತಕ್ಕೂ ಹೆಚ್ಚು ಟಂಕಸಾಲೆಗಳು ಈ ಮಾದರಿಯ ನಾಣ್ಯವನ್ನು ಹೊಡೆದಿವೆ; ಅಚ್ಚು ಬಿರಿದ ಮೇಲೂ ಕೆಲಸ ನಿಲ್ಲಿಸದೆ ಹೊಡೆದ ನಾಣ್ಯಗಳು ಸಾಕಷ್ಟು ಸಿಗುತ್ತವೆ. ಅಂಚಿನ ಬಳಿ ಅಚ್ಚಿನ ಚೂರೇ ಉದುರಿ, ಆ ಜಾಗದಲ್ಲಿ ಬೆಳ್ಳಿ ಗಡ್ಡೆಕಟ್ಟಿದ ನಾಣ್ಯವಾಗಿದ್ದರೆ ಮಾತು ಬೇರೆ. ಬಿರುಕಿದೆ ಎಂದ ಮಾತ್ರಕ್ಕೆ ನಾಣ್ಯ ಅಸಲಿ ಎಂದೂ ನಂಬುವಂತಿಲ್ಲ, ಏಕೆಂದರೆ ಅಸಲಿ ನಾಣ್ಯದಿಂದ ಎರಕ ತೆಗೆದ ನಕಲಿಯಲ್ಲೂ ಆ ಗೆರೆ ಹಾಗೆಯೇ ಇಳಿಯುತ್ತದೆ. ಆದ್ದರಿಂದ ತೂಕ ಮಾಡಿಸಿದೆ. ಇರಬೇಕಾದದ್ದು 27.07 ಗ್ರಾಂ, ತಕ್ಕಡಿ 26.9 ತೋರಿಸಿತು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯಕ್ಕೆ ಅದು ಸರಿಯಾದ ತೂಕವೇ.

ನಾಣ್ಯಗಳನ್ನು ಒಂದೇ ಡಬ್ಬಿಯಲ್ಲಿ ಸುರಿದಿಟ್ಟಿರುವುದೂ, ಕೆಲವನ್ನು ಪುಡಿ ಹಾಕಿ ಉಜ್ಜಿ ಹೊಳಪು ಬರಿಸಿರುವುದೂ ಈ ಅಂಗಡಿಯ ದೊಡ್ಡ ಕೊರತೆ. ಹೀಗೆ ಉಜ್ಜಿದರೆ ನವಿರಾದ ಬಿರುಕುಗಳು ಮಾಸಿಹೋಗುತ್ತವೆ. ಆದರೆ ಗಿರಾಕಿಯನ್ನು ಅವಸರಪಡಿಸದೆ, ಬಾಗಿಲ ಬೆಳಕಿಗೆ ಒಯ್ದು ಬೇಕಾದಷ್ಟು ಹೊತ್ತು ನೋಡಲು ಬಿಡುತ್ತಾರೆ.

ಬಿರುಕಿನ ನಾಣ್ಯವನ್ನೇ ಸಾಮಾನ್ಯ ಬೆಲೆಗೆ ಒಪ್ಪಿಸಿ ತಂದೆ. ಅದೇ ವರ್ಷದ, ಅದೇ ಗೆರೆಯಿರುವ ಇನ್ನೊಂದು ಬಂದರೆ ತೆಗೆದಿಡಿ ಎಂದೂ ಹೇಳಿ ಬಂದಿದ್ದೇನೆ. ಅಚ್ಚಿನಲ್ಲಿ ಆ ಬಿರುಕು ಎಲ್ಲಿಯವರೆಗೆ ಬೆಳೆದಿತ್ತೆಂದು ನೋಡಬೇಕಾಗಿದೆ.