ತಲಕಟ್ಟಿನ ಪರೀಕ್ಷೆ: ಐದು ಶಾಯಿ ಪೆನ್ನುಗಳ ಹೋಲಿಕೆ

‘ಷ್ಟ್ರ’ ಎಂಬ ಒಂದೇ ಅಕ್ಷರವನ್ನು ಬರೆಯುವಾಗ ನನ್ನ ಕೈ ಪೆನ್ನನ್ನು ಕಾಗದದಿಂದ ನಾಲ್ಕು ಬಾರಿ ಮೇಲೆತ್ತುತ್ತದೆ. ಮೊದಲು ಅಕ್ಷರದ ಒಡಲು, ಆಮೇಲೆ ಅದರ ಹೊಟ್ಟೆಯೊಳಗಿನ ಪುಟ್ಟ ಗೆರೆ, ತಲಕಟ್ಟು, ಟ-ಒತ್ತು, ಕೊನೆಗೆ ರ-ಒತ್ತು; ಹೀಗೆ ಐದು ಗೆರೆಗಳು, ಐದು ಹೊಸ ಆರಂಭಗಳು. ರೋಮನ್ ಲಿಪಿಯಲ್ಲಿ ಕೂಡುಬರಹ ಬರೆಯುವವರ ಪೆನ್ನು ಇಡೀ ಪದದ ಉದ್ದಕ್ಕೂ ಕಾಗದವನ್ನು ಬಿಡದೆ ಸಾಗಬಹುದು, ಆದ್ದರಿಂದ ಅವರಿಗೆ ನಿಬ್ಬಿನ ನುಣುಪೇ ಮುಖ್ಯವಾಗಿ ಕಾಣುತ್ತದೆ. ನಮ್ಮ ಬರಹದಲ್ಲಿ ಪೆನ್ನು ಕ್ಷಣಕ್ಕೊಮ್ಮೆ ಎದ್ದು ಮತ್ತೆ ಕೂರುತ್ತದೆ, ಕೂತ ಕೂಡಲೇ ಶಾಯಿ ಬಿಡಬೇಕಾಗುತ್ತದೆ. ಒಂದು ತಲಕಟ್ಟು ಮೂಡದೆ ಹೋದರೂ ಅಕ್ಷರ ಬೋಳಾಗುತ್ತದೆ. ಶಾಯಿ ಪೆನ್ನಿನ ಪ್ರಿಯರು ಮೆಚ್ಚುವ ಐದು ಹೆಸರಾಂತ ಕಂಪನಿಗಳ ಪೆನ್ನುಗಳನ್ನು ನಾನು ಕೆಲವು ತಿಂಗಳು ಸರದಿಯಂತೆ ಬಳಸಿ ನೋಡಿದ್ದು ಈ ಒಂದು ಕಾರಣಕ್ಕಾಗಿ: ಬೇರೆ ಲಿಪಿಗಳನ್ನು ಬರೆಯುವವರ ಮೆಚ್ಚುಗೆ ಕನ್ನಡ ಬರೆಯುವ ಕೈಗೆ ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ತಿಳಿಯಬೇಕಿತ್ತು.

ಆಯ್ದುಕೊಂಡ ಪೆನ್ನುಗಳು ಜರ್ಮನಿಯ ಪೆಲಿಕನ್ ಎಂ400 ಮತ್ತು ಲಾಮಿ 2000, ಜಪಾನಿನ ಪ್ಲಾಟಿನಂ 3776 ಸೆಂಚುರಿ, ಪೈಲಟ್ ಕಸ್ಟಮ್ 74 ಮತ್ತು ಸೈಲರ್ ಪ್ರೊ ಗಿಯರ್. ಐದಕ್ಕೂ ಚಿನ್ನದ ನಿಬ್ಬು. ಎಲ್ಲಕ್ಕೂ ವಾಟರ್‌ಮನ್ ಕಂಪನಿಯ ಒಂದೇ ನೀಲಿ ಶಾಯಿಯನ್ನು ತುಂಬಿದೆ, ಚದರ ಮೀಟರಿಗೆ 80 ಗ್ರಾಂ ತೂಗುವ ರೋಡಿಯಾ ಕಂಪನಿಯ ಕಾಗದವನ್ನೇ ಬಳಸಿದೆ, ಒಂದೊಂದು ಪೆನ್ನಿನಲ್ಲಿಯೂ ತುಂಬಿದ ಶಾಯಿ ಪೂರ್ತಿ ಮುಗಿಯುವವರೆಗೆ ಬೇರೊಂದನ್ನು ಮುಟ್ಟಲಿಲ್ಲ. ಒಂದು ಸುತ್ತು ಮುಗಿದ ಮೇಲೆ ಹಿಂದುಮುಂದಾಗಿ ಇನ್ನೊಂದು ಸುತ್ತು ಬರೆದೆ, ಏಕೆಂದರೆ ಹೊಸದಾಗಿ ಕೈಗೆ ಬಂದ ಪೆನ್ನು ಮೊದಲ ದಿನಗಳಲ್ಲಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅನುಭವ.

ನಿಬ್ಬಿನ ಅಳತೆಯ ವಿಷಯದಲ್ಲಿ ಹೆಸರನ್ನು ನಂಬುವಂತಿಲ್ಲ. ಜಪಾನಿನ ಕಂಪನಿಗಳು ‘ಫೈನ್’ ಎನ್ನುವ ನಿಬ್ಬು ಯುರೋಪಿನ ‘ಫೈನ್’ಗಿಂತ ಸುಮಾರು ಒಂದು ಮೆಟ್ಟಿಲು ಸಣ್ಣದಾಗಿ ಬರೆಯುತ್ತದೆ, ಜಪಾನೀ ಬರಹದ ಕಾಂಜಿ ಅಕ್ಷರಗಳಲ್ಲಿ ಚಿಕ್ಕ ಜಾಗದೊಳಗೆ ಹಲವು ಗೆರೆಗಳು ಕೂರಬೇಕಾಗಿರುವುದೇ ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಆದ್ದರಿಂದ ಜರ್ಮನಿಯ ಎರಡರಲ್ಲಿ ‘ಎಕ್ಸ್‌ಟ್ರಾ ಫೈನ್’, ಪ್ಲಾಟಿನಂ ಮತ್ತು ಪೈಲಟ್‌ನಲ್ಲಿ ‘ಫೈನ್’, ಸೈಲರ್‌ನಲ್ಲಿ ‘ಮೀಡಿಯಂ ಫೈನ್’ ಆಯ್ದುಕೊಂಡೆ. ಹಾಗಿದ್ದೂ ಐದೂ ಗೆರೆಗಳನ್ನು ಅಕ್ಕಪಕ್ಕ ಎಳೆದಾಗ ಜರ್ಮನಿಯವು ಎರಡೂ ದಪ್ಪವಾಗಿಯೇ ಉಳಿದವು.

ಪೆಲಿಕನ್ನಿನಿಂದ ಆರಂಭಿಸುತ್ತೇನೆ, ಏಕೆಂದರೆ ಈ ಪರೀಕ್ಷೆಗೆ ಇಳಿಯುವ ಮೊದಲು ನನ್ನ ಮನಸ್ಸು ಅದರ ಕಡೆಗೇ ವಾಲಿತ್ತು. ಈ ಕಂಪನಿ ತನ್ನ ಮೊದಲ ಶಾಯಿ ಪೆನ್ನನ್ನು ಹೊರತಂದದ್ದು 1929ರಲ್ಲಿ, ಹಂಗೇರಿಯ ಎಂಜಿನಿಯರ್ ಥಿಯೊಡೋರ್ ಕೊವಾಕ್ಸ್ ಅವರ ಪಿಸ್ಟನ್ ವಿನ್ಯಾಸದೊಂದಿಗೆ. ಪೆನ್ನಿನ ಹಿಂಬದಿಯ ಗುಬುಟನ್ನು ತಿರುಗಿಸಿದರೆ ಅದು ಹೊರಬರುವುದು ಸ್ವಲ್ಪವೇ, ಆದರೆ ಒಳಗಿನ ಪಿಸ್ಟನ್ ಅದಕ್ಕಿಂತ ಬಹಳ ದೂರ ಚಲಿಸಿ ಇಡೀ ಕೊಳವೆಯನ್ನು ಶಾಯಿಯಿಂದ ತುಂಬಿಸುತ್ತದೆ. ಅದೇ ತತ್ವ ಇಂದಿಗೂ ಅದರ ಒಡಲಲ್ಲಿದೆ. ಒಮ್ಮೆ ತುಂಬಿದರೆ ಸುಮಾರು 1.3 ಮಿಲಿಲೀಟರ್ ಹಿಡಿಯುತ್ತದೆ. ಪೆನ್ನನ್ನು ಬೆಳಕಿಗೆ ಹಿಡಿದರೆ ಹಸಿರು ಪಟ್ಟಿಗಳ ನಡುವಿನ ಪಾರದರ್ಶಕ ಗೆರೆಗಳಲ್ಲಿ ಶಾಯಿಯ ಮಟ್ಟ ಕಾಣುತ್ತದೆ. ಅಷ್ಟು ಶಾಯಿ ಹೊತ್ತೂ ಅದು ಬಹಳ ಹಗುರ, ತೂಕ ಸುಮಾರು 15 ಗ್ರಾಂ. ನಿಬ್ಬು ಮತ್ತು ಅದಕ್ಕೆ ಶಾಯಿ ಹರಿಸುವ ಫೀಡ್ ಸೇರಿದ ಮುಂಭಾಗವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ತೊಳೆಯಬಹುದು. ಶಾಯಿಯ ಬಣ್ಣವನ್ನು ಆಗಾಗ ಬದಲಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪೆಲಿಕನ್ನನ್ನು ಪ್ರೀತಿಸುವವರು ಹೇಳುವ ಮುಖ್ಯ ಗುಣ ಶಾಯಿಯ ಉದಾರ ಹರಿವು. ಅದು ನಿಜ, ಪೂರ್ತಿ ನಿಜ. ಎರಡು ಸುತ್ತಿನ ಬರಹದಲ್ಲಿ ಒಂದೇ ಒಂದು ತಲಕಟ್ಟೂ ತಪ್ಪಲಿಲ್ಲ. ನಿಬ್ಬು ಕಾಗದವನ್ನು ಸೋಕುವಷ್ಟರಲ್ಲಿಯೇ ಶಾಯಿ ಅಲ್ಲಿ ಸಿದ್ಧವಾಗಿರುತ್ತಿತ್ತು. ಆದರೆ ಅದೇ ಉದಾರತೆ ಸಣ್ಣ ಅಕ್ಷರಗಳಲ್ಲಿ ಬೇರೆ ಫಲ ಕೊಟ್ಟಿತು. ನನ್ನ ಬರಹ ಚಿಕ್ಕದು, ಅಕ್ಷರದ ಎತ್ತರ ಮೂರು ಮಿಲಿಮೀಟರ್‌ಗೆ ಹೆಚ್ಚಿಲ್ಲ. ಆ ಅಳತೆಯಲ್ಲಿ ‘ಥ’ದ ಒಳಗಿನ ಚುಕ್ಕೆ ಸುತ್ತಲಿನ ಗೆರೆಗಳೊಡನೆ ಸೇರಿಹೋಗಿ, ಭೂತಗನ್ನಡಿ ಹಿಡಿದರೂ ‘ಥ’ ಯಾವುದು ‘ಧ’ ಯಾವುದು ಎಂದು ಹೇಳುವುದು ಕಷ್ಟವಾಯಿತು. ‘ಈ’ ಅಕ್ಷರದ ಒಳಸುಳಿ ನೀಲಿಯ ಒಂದು ಪುಟ್ಟ ಕೊಳವಾಯಿತು. ಅಕ್ಷರವನ್ನು ಐದು ಮಿಲಿಮೀಟರ್‌ಗೆ ಹಿಗ್ಗಿಸಿ ಬರೆದಾಗ ಎಲ್ಲವೂ ಬಿಡಿಸಿಟ್ಟಂತೆ ಕಂಡವು, ಒಣಗಿದ ಮೇಲೆ ಗೆರೆಯೊಳಗೆ ತಿಳಿನೀಲಿಯಿಂದ ಕಡುನೀಲಿಗೆ ಹೋಗುವ ಛಾಯೆಯೂ ಉಳಿದ ನಾಲ್ಕರಲ್ಲಿ ಕಾಣದಷ್ಟು ಚೆಲುವಾಗಿ ಮೂಡಿತು. ದೊಡ್ಡ ಕೈಬರಹದವರು ನನ್ನ ಮುಂದಿನ ಮಾತುಗಳನ್ನು ಬದಿಗಿಟ್ಟು ಪೆಲಿಕನ್ನನ್ನೇ ಆರಿಸಿಕೊಂಡರೆ ನಾನು ತಡೆಯುವುದಿಲ್ಲ.

ಲಾಮಿ 2000 ನೋಡಿದ ಕೂಡಲೇ ಮನಸ್ಸನ್ನು ಹಿಡಿಯುವ ವಸ್ತು. 1966ರಲ್ಲಿ ಗೆರ್ಡ್ ಮ್ಯೂಲರ್ ವಿನ್ಯಾಸಗೊಳಿಸಿದ ಈ ಪೆನ್ನಿನ ರೂಪ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಒಡಲು ಮ್ಯಾಕ್ರೊಲಾನ್ ಎಂಬ ಗಾಜಿನ ಎಳೆ ಬೆರೆತ ಪ್ಲಾಸ್ಟಿಕ್ಕಿನದು, ಹಿಡಿಯುವ ಭಾಗ ತುಕ್ಕು ಹಿಡಿಯದ ಉಕ್ಕಿನದು. ಇದೂ ಪಿಸ್ಟನ್ನಿನಿಂದಲೇ ಶಾಯಿ ತುಂಬುವ ಪೆನ್ನು, ಆದರೆ ಹಿಂದಿನ ಗುಬುಟು ಒಡಲಿಗೆ ಎಷ್ಟು ಬಿಗಿಯಾಗಿ ಕೂರುತ್ತದೆಂದರೆ ಎರಡರ ನಡುವಿನ ಸಂದನ್ನು ಕಣ್ಣಿಗಿಂತ ಉಗುರಿನಿಂದ ಹುಡುಕುವುದೇ ಸುಲಭ. ಸುಮಾರು 25 ಗ್ರಾಂ ತೂಗುವ ಇದರ ಭಾರವೆಲ್ಲ ಮುಂಭಾಗಕ್ಕೆ ಬರುವುದರಿಂದ ಬೆರಳುಗಳು ಒತ್ತಬೇಕಾದ ಅಗತ್ಯವೇ ಬೀಳುವುದಿಲ್ಲ. ಕ್ಯಾಪನ್ನು ತಿರುಗಿಸಬೇಕಿಲ್ಲ, ಎಳೆದರೆ ಸಾಕು. ಯಾರೋ ಮಾತನಾಡುತ್ತಿರುವಾಗ ಟಿಪ್ಪಣಿ ಮಾಡಿಕೊಳ್ಳುವವರಿಗೆ ಇದು ಎಷ್ಟು ಅನುಕೂಲ ಎಂಬುದು ಮಾಡಿ ನೋಡಿದ ಮೇಲೆಯೇ ತಿಳಿಯುವುದು.

ಬರವಣಿಗೆಯಲ್ಲಿ ಇದರ ನಿಬ್ಬಿಗೆ ಒಂದು ಶಿಸ್ತಿದೆ. ಅರೆಮುಚ್ಚಿದ ನಿಬ್ಬಿನ ಹೊರಗೆ ಕಾಣುವ ಭಾಗ ಚಿಕ್ಕದು, ತುದಿಯ ಹದವಾದ ಜಾಗವೂ ಚಿಕ್ಕದು. ಪೆನ್ನನ್ನು ಬೆರಳುಗಳ ನಡುವೆ ಸ್ವಲ್ಪ ಹೊರಳಿಸಿ ಹಿಡಿಯುವ ಅಭ್ಯಾಸ ನನ್ನದು, ‘ಠ’ದಂತಹ ಪೂರ್ತಿ ಸುತ್ತು ಬರೆಯುವಾಗ ಆ ಹೊರಳಾಟ ಇನ್ನೂ ಹೆಚ್ಚುತ್ತದೆ. ನಾಲ್ಕೈದು ದಿನ ಲಾಮಿ ನನ್ನ ಕೈಯನ್ನು ತಿದ್ದಿತು ಎಂದೇ ಹೇಳಬೇಕು. ಆಮೇಲೆ ನಿಬ್ಬು ಬೆಣ್ಣೆಯ ಮೇಲಿನ ಚಾಕುವಿನಂತೆ ಸಾಗಿತು. ಗೆರೆಯ ದಪ್ಪದಲ್ಲಿ ಮಾತ್ರ ಪೆಲಿಕನ್ನಿನದೇ ಕತೆ, ತುಸು ಕಡಿಮೆ ಪ್ರಮಾಣದಲ್ಲಿ.

ಜಪಾನಿನ ಮೂರಕ್ಕೆ ಬರುವ ಮೊದಲು ಚಿನ್ನದ ಬಗ್ಗೆ ಒಂದು ಮಾತು ಹೇಳುವುದು ಅಗತ್ಯ. ಪೆಲಿಕನ್, ಲಾಮಿ, ಪ್ಲಾಟಿನಂ ಮತ್ತು ಪೈಲಟ್ ನಿಬ್ಬುಗಳು 14 ಕ್ಯಾರೆಟ್ಟಿನವು. ಸೈಲರ್‌ನದು 21 ಕ್ಯಾರೆಟ್, ಅಂದರೆ ಶೇಕಡಾ 87.5 ಚಿನ್ನ. ಹೆಚ್ಚು ಚಿನ್ನವಿದ್ದರೆ ನಿಬ್ಬು ಹೆಚ್ಚು ಮೆತ್ತಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ನಿಬ್ಬಿನ ಬಾಗುವಿಕೆಯನ್ನು ನಿರ್ಧರಿಸುವುದು ಅದರ ದಪ್ಪ, ಆಕಾರ ಮತ್ತು ಭುಜಗಳ ಅಗಲ. ಕಾಗದವನ್ನು ಮುಟ್ಟುವ ತುದಿಯಂತೂ ಚಿನ್ನದ್ದೇ ಅಲ್ಲ, ಅಲ್ಲಿ ಬೆಸೆದಿರುವುದು ಪ್ಲಾಟಿನಂ ಗುಂಪಿನ ಗಡಸು ಲೋಹಗಳ ಮಿಶ್ರಣದ ಒಂದು ಕಣ. ಐದರಲ್ಲಿ ಅತಿ ಹೆಚ್ಚು ಚಿನ್ನವಿರುವ ಸೈಲರ್ ನಿಬ್ಬು ನನ್ನ ಕೈಗೆ ಗಟ್ಟಿಯಾಗಿಯೇ ಸಿಕ್ಕಿತು, ಬೆರಳಿನ ಒತ್ತಡಕ್ಕೆ ಹೆಚ್ಚು ಮಣಿದದ್ದು 14 ಕ್ಯಾರೆಟ್ಟಿನ ಪೈಲಟ್.

ಪ್ಲಾಟಿನಂ ಪೆನ್ನಿನ ಹೆಸರಿನಲ್ಲಿರುವ 3776 ಎಂಬ ಸಂಖ್ಯೆ ಫುಜಿ ಪರ್ವತದ ಎತ್ತರ, ಮೀಟರುಗಳಲ್ಲಿ. 1978ರ ಮೂಲ ಮಾದರಿಯನ್ನು 2011ರಲ್ಲಿ ‘ಸೆಂಚುರಿ’ ಎಂಬ ಹೆಸರಿನಲ್ಲಿ ಪರಿಷ್ಕರಿಸಿದಾಗ ಸೇರಿದ ಮುಖ್ಯ ಅಂಶ ಕ್ಯಾಪಿನೊಳಗಿನ ಸ್ಪ್ರಿಂಗ್ ಆಧಾರಿತ ಒಳಮುಚ್ಚಳ. ಕ್ಯಾಪನ್ನು ತಿರುಗಿಸಿ ಮುಚ್ಚುವಾಗ ಅದು ನಿಬ್ಬಿನ ಸುತ್ತ ಒತ್ತಿ ಕೂತು ಗಾಳಿಯಾಡದಂತೆ ಮಾಡುತ್ತದೆ. ಮುಚ್ಚಿಟ್ಟ ಪೆನ್ನಿನ ಶಾಯಿ 24 ತಿಂಗಳವರೆಗೂ ಬರೆಯುವ ಸ್ಥಿತಿಯಲ್ಲಿರುತ್ತದೆ ಎಂಬುದು ಕಂಪನಿಯ ಮಾತು. ನಾನು ಅಷ್ಟು ಕಾಯಲಿಲ್ಲ, ಏಳು ವಾರ ಮೇಜಿನ ಡ್ರಾಯರಿನಲ್ಲಿಟ್ಟು ತೆಗೆದೆ. ಮೊದಲ ‘ಷ್ಟ್ರ’ದ ಐದು ಗೆರೆಗಳೂ ನಿನ್ನೆ ತುಂಬಿದ ಶಾಯಿಯಂತೆಯೇ ಮೂಡಿದವು, ನೀರಾರಿ ಬಣ್ಣ ಗಾಢವಾಗಿಯೂ ಇರಲಿಲ್ಲ.

ಇದರ ನಿಬ್ಬು ಗಡುಸು, ಗೆರೆ ಐದರಲ್ಲಿ ಅತಿ ಸಣ್ಣ. ಕಾಗದದ ಮೇಲೆ ಸಾಗುವಾಗ ಒಂದು ಸಣ್ಣ ಸರಸರ ಸದ್ದು ಬರುತ್ತದೆ. ನುಣುಪನ್ನೇ ಬಯಸುವವರು ಇದನ್ನು ಒರಟು ಎನ್ನುತ್ತಾರೆ, ನನಗೆ ಹಾಗೆ ಅನಿಸಲಿಲ್ಲ. ‘ಶಾಸ್ತ್ರ’, ‘ಲಕ್ಷ್ಮಿ’, ‘ಸ್ತ್ರೀ’ ಎಂಬ ಪದಗಳನ್ನು ಮೂರು ಮಿಲಿಮೀಟರಿನ ಅಳತೆಯಲ್ಲಿಯೇ ಸಾಲಾಗಿ ಬರೆದಾಗ ಒತ್ತಕ್ಷರಗಳು ಕೆಳಸಾಲಿನ ತಲಕಟ್ಟುಗಳಿಗೆ ತಗಲದೆ ತಮ್ಮ ಪಾಡಿಗೆ ತಾವು ನಿಂತವು. ‘ಥ’ದ ಚುಕ್ಕೆ ಚುಕ್ಕೆಯಾಗಿಯೇ ಇತ್ತು. ಶಾಯಿ ತುಂಬಲು ಒಡಲೊಳಗೆ ಕೂರಿಸುವ ಪುಟ್ಟ ಕೊಳವೆಯಾದ ಕನ್ವರ್ಟರಿನಲ್ಲಿ ಹಿಡಿಯುವ ಶಾಯಿ ಪೆಲಿಕನ್ನಿನ ಅರ್ಧದಷ್ಟೇ, ಆದರೆ ಗೆರೆ ಸಣ್ಣದಾದ್ದರಿಂದ ಪುಟಗಳ ಲೆಕ್ಕದಲ್ಲಿ ಅಂತರ ಅಷ್ಟೊಂದು ಕಾಣಲಿಲ್ಲ.

ಪೈಲಟ್ ಕಸ್ಟಮ್ 74ರ ಬಗ್ಗೆ ಹೆಚ್ಚು ಹೇಳಲು ಇಲ್ಲ, ಅದು ಎಲ್ಲವನ್ನೂ ಚೆನ್ನಾಗಿ ಮಾಡುತ್ತದೆ ಎಂಬುದನ್ನು ಬಿಟ್ಟು. 1918ರಲ್ಲಿ ಆರಂಭವಾದ ಕಂಪನಿ ತನ್ನ 74ನೆಯ ವರ್ಷದಲ್ಲಿ, ಅಂದರೆ 1992ರಲ್ಲಿ, ಹೊರತಂದ ಪೆನ್ನು ಇದು. ಕಾನ್-70 ಎಂಬ ಕನ್ವರ್ಟರಿನ ಗುಂಡಿಯನ್ನು ಕೆಲವು ಸಲ ಒತ್ತಿದರೆ ಸುಮಾರು ಒಂದು ಮಿಲಿಲೀಟರ್ ಶಾಯಿ ಏರುತ್ತದೆ. ನಿಬ್ಬು ನುಣುಪು, ತುಸು ಸ್ಪ್ರಿಂಗಿನ ಗುಣವುಳ್ಳದ್ದು, ಗೆರೆ ಪ್ಲಾಟಿನಂಗಿಂತ ಕೂದಲೆಳೆಯಷ್ಟು ದಪ್ಪ. ಶಾಯಿ ಪೆನ್ನನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಗೆಳೆಯರು ಕೇಳಿದರೆ ನಾನು ಹೇಳುವ ಹೆಸರು ಇದೇ.

ಸೈಲರ್ ನನ್ನ ಎಣಿಕೆಯನ್ನು ಬುಡಮೇಲು ಮಾಡಿದ ಪೆನ್ನು. 1911ರಲ್ಲಿ ಹುಟ್ಟಿದ ಈ ಕಂಪನಿಯ ನಿಬ್ಬುಗಳಲ್ಲಿ ‘ಪೆನ್ಸಿಲ್ಲಿನ ಸ್ಪರ್ಶ’ ಇದೆ ಎಂದು ಪ್ರಿಯರು ಹೇಳುವುದನ್ನು ಕೇಳಿದ್ದೆನಾದರೂ, ಅದು ಏಕೆ ಮೆಚ್ಚುಗೆಯ ಮಾತಾಗಬೇಕು ಎಂಬುದು ಅರ್ಥವಾಗಿರಲಿಲ್ಲ. ಎರಡನೆಯ ವಾರ ‘ಅ’ಕಾರದ ಒಂದು ಸಾಲನ್ನು ನಿಧಾನವಾಗಿ ಬರೆಯುತ್ತಿದ್ದಾಗ ಅರ್ಥವಾಯಿತು. ಅಕ್ಷರದ ಸುತ್ತು ಎಲ್ಲಿ ತಿರುಗುತ್ತದೆ, ಕೆಳಗಿನಿಂದ ಮೇಲಕ್ಕೆ ತಳ್ಳುವ ಗೆರೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಿಬ್ಬು ಬೆರಳಿಗೆ ಹೇಳುತ್ತದೆ. ಅತಿ ನುಣುಪಾದ ನಿಬ್ಬಿನಲ್ಲಿ ಕೈ ಜಾರಿ ಸುತ್ತು ಮೊಟ್ಟೆಯಾಕಾರ ತಾಳುತ್ತದೆ. ಸೈಲರ್‌ನಲ್ಲಿ ಆ ಸಣ್ಣ ತಡೆ ಕೈಯನ್ನು ಹಿಡಿದು ನಡೆಸುತ್ತದೆ, ಸುತ್ತು ದುಂಡಗೆ ಬಂದು ಹೊರಟ ಜಾಗಕ್ಕೇ ಸೇರುತ್ತದೆ. ಇಷ್ಟು ದುಂಡಗಿನ ಲಿಪಿಯನ್ನು ಬರೆಯುವ ನಮಗೆ ಇದಕ್ಕಿಂತ ಬೇಕಾದ ಗುಣ ಇನ್ನೊಂದಿಲ್ಲ ಎಂದು ನನಗೆ ದೃಢವಾಗಿ ಅನಿಸುತ್ತದೆ. ಎರಡು ಸುತ್ತಿನ ನನ್ನ ಹಾಳೆಗಳನ್ನು ಗುರುತು ಮುಚ್ಚಿ ಮನೆಯವರಿಗೆ ತೋರಿಸಿದಾಗ, ಅಕ್ಷರ ಚೆನ್ನಾಗಿದೆ ಎಂದು ಅವರು ಬೇರೆಯಿಟ್ಟ ಹಾಳೆಗಳಲ್ಲಿ ಹೆಚ್ಚಿನವು ಸೈಲರ್‌ನವೇ ಆಗಿದ್ದವು.

ನುಣುಪಿಗೂ ಒಂದು ಮಿತಿಯಿದೆ ಎಂಬುದನ್ನು ಕಲಿಸಿದ್ದು ಈ ಐದರ ಹೊರಗಿನ, ಹೆಸರು ಹೇಳಬೇಕಿಲ್ಲದ ಒಂದು ಹಳೆಯ ಪೆನ್ನು. ಗಾಜಿನ ಮೇಲೆ ಜಾರಿದಂತೆ ಬರೆಯುತ್ತಿದ್ದ ಅದು ಮೂರು ತಲಕಟ್ಟಿಗೆ ಒಂದನ್ನಾದರೂ ನುಂಗುತ್ತಿತ್ತು. ‘ಬೇಬಿಸ್ ಬಾಟಮ್’ ಎಂದು ಪೆನ್ನಿನವರು ಕರೆಯುವ ದೋಷವದು: ಸೀಳಿನ ಒಳ ಅಂಚುಗಳನ್ನು ಅತಿಯಾಗಿ ಉಜ್ಜಿದಾಗ ತುದಿಯ ನಡುವೆ ಸಣ್ಣ ಕಣಿವೆಯಾಗಿ, ಶಾಯಿ ಕಾಗದವನ್ನು ಮುಟ್ಟದೆ ಅಲ್ಲಿಯೇ ನಿಲ್ಲುತ್ತದೆ. ಒಮ್ಮೆ ಒತ್ತಿದರೆ ಇಳಿಯುತ್ತದೆ, ಎತ್ತಿ ಇಟ್ಟರೆ ಮತ್ತೆ ನಿಲ್ಲುತ್ತದೆ. ಆ ಪೆನ್ನಿನಲ್ಲಿ ಇಂಗ್ಲಿಷ್ ಬರೆದವರಿಗೆ ದೋಷ ಕಂಡಿರಲಿಲ್ಲ, ಕನ್ನಡದ ಎರಡು ಸಾಲಿನಲ್ಲಿ ಅದು ಬಯಲಾಯಿತು. ಅಂದಿನಿಂದ ಯಾವುದೇ ಪೆನ್ನನ್ನು ಕೊಳ್ಳುವ ಮುನ್ನ ‘ಷ್ಟ್ರ’, ‘ಥ’, ‘ಈ’ ಮೂರನ್ನೂ ಒತ್ತಡವಿಲ್ಲದೆ ಹತ್ತು ಹತ್ತು ಬಾರಿ ಬರೆದು ನೋಡುತ್ತೇನೆ.

ಈಗ ನನ್ನ ಮೇಜಿನ ಮೇಲೆ ಶಾಯಿ ತುಂಬಿಕೊಂಡು ಸದಾ ಇರುವುವು ಮೂರು. ಕರಡು ಮತ್ತು ಟಿಪ್ಪಣಿಗಳಿಗೆ ಪ್ಲಾಟಿನಂ, ಏಕೆಂದರೆ ವಾರಗಟ್ಟಲೆ ಬಿಟ್ಟರೂ ಅದು ಕಾಯುತ್ತದೆ ಮತ್ತು ಅಂಚಿನಲ್ಲಿ ಇಕ್ಕಟ್ಟಾಗಿ ಬರೆದ ತಿದ್ದುಪಡಿಯೂ ಓದಲು ಬರುತ್ತದೆ. ಕಾಗದಗಳಿಗೆ, ಅಂದರೆ ಇನ್ನೊಬ್ಬರು ಓದಲೆಂದು ನಿಧಾನವಾಗಿ ಬರೆಯುವ ಪತ್ರಗಳಿಗೆ, ಸೈಲರ್. ಪೆಲಿಕನ್ನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಪತ್ರ ಮುಗಿದ ಮೇಲೆ ಲಕೋಟೆಯ ಮೇಲೆ ವಿಳಾಸ ಬರೆಯುವುದು ಅದರಿಂದಲೇ. ಅಲ್ಲಿ ಅಕ್ಷರಗಳು ಬೆರಳುಗುರಿನಷ್ಟು ದೊಡ್ಡವು, ‘ಥ’ದ ಚುಕ್ಕೆಗೂ ಬೇಕಾದಷ್ಟು ಜಾಗವಿದೆ.