180 ರೂಪಾಯಿಯ ಮಡಚುವ ಲೆನ್ಸ್, ಸ್ಟ್ರಾಬೆರಿ ಎಲೆಯ ಅಡಿ ನೋಡೋಕೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡಿದ್ದು. ಮೇಲೆ 30 ಪಟ್ಟು ಅಂತ ಕೆತ್ತಿದ್ದಾರೆ. ಸುಳ್ಳು. ಸ್ಕೇಲಿನ ಮೇಲೆ ಇಟ್ಟು ನೋಡಿದರೆ 10 ಪಟ್ಟಿನ ಆಸುಪಾಸು. ಆದರೆ ಗಿಡ ನೋಡೋರಿಗೆ ಅಷ್ಟೇ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಗಾಳಿಗೆ ಅಲ್ಲಾಡುವ ಎಲೆ ಕಣ್ಣಿಗೆ ನಿಲ್ಲೋದೇ ಇಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದಲ್ಲಿ ಪ್ಲಾಸ್ಟಿಕ್ ಮಾಡಿನಡಿ ಸ್ಟ್ರಾಬೆರಿ ಇದೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಎಲೆಗಳು ಮಂಕಾದವು, ಮೇಲೆಲ್ಲ ರವೆಯಂಥ ಬಿಳಿ ಚುಕ್ಕಿ. 'ಏ, ಇದಕ್ಕೂ ಎಲೆಚುಕ್ಕೆ ಬಂತಾ?' ಅಂದರು ಅಪ್ಪಯ್ಯ. ಅಡಿಕೆಯ ಎಲೆಚುಕ್ಕೆ ರೋಗ ನೋಡಿ ನೋಡಿ ಹೆದರಿದವರು, ಪಾಪ.

ಎಲೆ ಮಗುಚಿ ಲೆನ್ಸ್ ಹಿಡಿದೆ. ಲೆನ್ಸನ್ನು ಕಣ್ಣಿಗೆ ತಾಗಿಸಿಕೊಂಡು, ಎಲೆಯನ್ನೇ ಹತ್ತಿರ ತರಬೇಕು. ನರದ ಪಕ್ಕ ಸಣ್ಣ ಬಲೆ, ಗುಂಡಗೆ ಹೊಳೆಯುವ ಮೊಟ್ಟೆ, ಮೈಯ ಎರಡೂ ಬದಿಗೆ ಕಪ್ಪು ಮಚ್ಚೆ ಇರುವ ಹಳದಿ ನುಸಿ. ಬರೀ ಅರ್ಧ ಮಿಲಿಮೀಟರ್ ಪ್ರಾಣಿ, ಲೆನ್ಸಿನಲ್ಲಿ ಕಾಲು ಕೂಡ ಕಾಣುತ್ತದೆ!

ಹುಳು ತಿಂದು ತೂತಾದ ಎಲೆಯನ್ನೂ ನೋಡಿದೆ. ತೂತಿನ ಅಂಚು ಒಣಗಿದೆ, ಉಳಿದ ಭಾಗ ಹಸಿರಾಗೇ ಇದೆ, ಕೆಲಸ ಮಾಡುತ್ತಿದೆ. ಒಂದೆರಡು ತೂತಿಗೆ ಗಿಡ ಸೊರಗುವುದಿಲ್ಲ. ನುಸಿಯದು ಬೇರೆ ಕಥೆ. ಅದು ಕೆಳಗಿಂದ ಚುಚ್ಚಿ ಕೋಶದೊಳಗಿನದ್ದನ್ನೆಲ್ಲ ಹೀರುತ್ತದೆ, ಪತ್ರಹರಿತ್ತೂ ಹೋಗುತ್ತದೆ. ಖಾಲಿಯಾದ ಕೋಶಗಳೇ ಆ ಬಿಳಿ ಚುಕ್ಕಿ. ಎಲೆ ಉಸಿರಾಡುವ ರಂಧ್ರಗಳು ಸ್ಟ್ರಾಬೆರಿಯಲ್ಲಿ ಇರೋದೂ ಅಡಿಯಲ್ಲೇ. ಪೆಟ್ಟು ಬಿದ್ದ ಎಲೆಯಲ್ಲಿ ಅವು ಸರಿಯಾಗಿ ತೆರೆಯುವುದಿಲ್ಲ, ಇಂಗಾಲದ ಡೈಆಕ್ಸೈಡ್ ಒಳಗೆ ಬರೋದು ಕಮ್ಮಿಯಾಗುತ್ತದೆ. ನೋಡೋಕೆ ಎಲೆ ಇಡಿಯಾಗಿದೆ, ಅಡುಗೆ ಮಾತ್ರ ನಡೆಯುತ್ತಿಲ್ಲ. ಹಣ್ಣಿಗೆ ಸಕ್ಕರೆ ಬರಬೇಕಾದ್ದು ಇಲ್ಲಿಂದಲೇ ಅಲ್ವಾ?

ಈಗ ತೂತು ಕಂಡರೆ ಸುಮ್ನೆ ಬಿಡುತ್ತೇನೆ. ಚುಕ್ಕಿ ಕಂಡರೆ ಆ ಹಳೇ ಎಲೆ ಕಿತ್ತು, ಉಳಿದ ಎಲೆಗಳ ಅಡಿಗೆ ಜೋರಾಗಿ ನೀರು ಹೊಡೆಯುತ್ತೇನೆ. ಮಳೆ ಬೀಳುವ ಜಾಗದಲ್ಲಿ ಆ ಕೆಲಸ ಮಳೆಯೇ ಮಾಡುತ್ತದೆ, ಮಾಡಿನಡಿ ನಾವೇ ಮಾಡಬೇಕು.

ಲೆನ್ಸಿನ ಗಾಜು ಒಳ್ಳೆಯದು, ಅಂಚಿನಲ್ಲಿ ನೋಡಿದರೆ ಮಾತ್ರ ವಸ್ತುವಿನ ಸುತ್ತ ಬಣ್ಣಬಣ್ಣದ ಗೆರೆ ಕಾಣುತ್ತದೆ. ಜೊತೆಗಿರುವ ಪುಟ್ಟ ಲೈಟು ದಂಡ, ಬಿಸಿಲಲ್ಲಿ ಬೇಕಾಗೋದೂ ಇಲ್ಲ. ತಿರುಪು ಸಡಿಲ, ಕೊಳ್ಳುವಾಗಲೇ ಬಿಗಿ ಮಾಡಿಸಿಕೊಳ್ಳಿ. ಬೆಲೆಯನ್ನೂ ಸ್ವಲ್ಪ ಚೌಕಾಸಿ ಮಾಡಿ, 30 ಪಟ್ಟು ಅಂತ ಕೆತ್ತಿದ್ದನ್ನು ತೋರಿಸಿದರೆ ಇಳಿಸುತ್ತಾರೆ.