ಗಂಡು ವೇಲ್ಡ್ ಗೋಸುಂಬೆಗೆ 2×2×4 ಅಡಿಯ ಜಾಲರಿ ಪಂಜರ: ಮರಿಯಿಂದ ದೊಡ್ಡದಾಗುವವರೆಗೆ ಬಳಸಿದ ಮೇಲೆ

ನಮ್ಮ ಗಂಡು ವೇಲ್ಡ್ ಗೋಸುಂಬೆಯ (ತಲೆಯ ಮೇಲೆ ಕಿರೀಟದಂಥ ಎತ್ತರದ ಭಾಗವಿರುವ ಒಂದು ಜಾತಿ) ಹೆಸರು ಚಿಗುರ. ಮರಿಯಾಗಿ ಬಂದವನು ಈಗ ಪೂರ್ತಿ ಬೆಳೆದಿದ್ದಾನೆ. ಅಷ್ಟೂ ಕಾಲ ಇದ್ದದ್ದು ಒಂದೇ ಪಂಜರದಲ್ಲಿ: 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ. ಅಲ್ಯೂಮಿನಿಯಂ ಚೌಕಟ್ಟು, ಸುತ್ತಲೂ ಮತ್ತು ಮೇಲೆ ಜಾಲರಿ, ಮುಂದೆ ದೊಡ್ಡ ಬಾಗಿಲು, ಅದರ ಕೆಳಗೊಂದು ಚಿಕ್ಕ ಬಾಗಿಲು, ತಳಕ್ಕೆ ಪ್ಲಾಸ್ಟಿಕ್ ಹಲಗೆ. ಈ ಅಳತೆಯ ಪಂಜರವನ್ನು ಹಲವು ಕಂಪನಿಗಳು ಮಾಡುತ್ತವೆ. ಎಲ್ಲವನ್ನೂ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಂಪನಿಯ ಮಾತು ಬಿಟ್ಟು ಅಳತೆಯ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಗೋಸುಂಬೆ ಸಾಕಲು ಹೊರಟವರು ಮೊದಲು ಕೇಳುವುದು ಅದನ್ನೇ ಅಲ್ವಾ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಬೆಳೆದ ಗಂಡಿಗೆ ಈ ಅಳತೆ ಸಾಲುತ್ತದೆ. ಆದರೆ ಇದನ್ನು ಕನಿಷ್ಠ ಅಂತಲೇ ಇಟ್ಟುಕೊಳ್ಳಿ. ಇದಕ್ಕಿಂತ ಚಿಕ್ಕದನ್ನು ಯಾರು ಎಷ್ಟೇ ಹೊಗಳಿದರೂ ಗಂಡು ವೇಲ್ಡ್‌ಗಾಗಲಿ, ಪ್ಯಾಂಥರ್ ಅನ್ನುವ ಇನ್ನೊಂದು ಜಾತಿಯ ಗಂಡು ಗೋಸುಂಬೆಗಾಗಲಿ ತರಬೇಡಿ.

ನಾಲ್ಕು ಅಡಿ ಎತ್ತರದ ಖಾಲಿ ಪಂಜರ ನೋಡಿದರೆ ಇಷ್ಟೊಂದು ಯಾಕೆ ಬೇಕು ಅನ್ನಿಸುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. ನಾಲ್ಕು ಅಡಿ ಅಂದರೆ ಸುಮಾರು 120 ಸೆಂ.ಮೀ. ಶಾಖದ ದೀಪ ಮತ್ತು ಯುವಿಬಿ ಟ್ಯೂಬ್ (ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕೊಡುವ ದೀಪ) ಮೇಲಿನ ಜಾಲರಿಯ ಆಚೆ ಇರುತ್ತವೆ. ಸಾಮಾನ್ಯವಾಗಿ ಬಳಸುವ 5.0 ಅಥವಾ 6 ಪರ್ಸೆಂಟ್ ಅಂತ ಯುವಿಬಿಯ ಪ್ರಮಾಣ ಬರೆದಿರುವ ಟಿ5 (ತೆಳು) ಟ್ಯೂಬಿಗೂ ಗೋಸುಂಬೆಯ ಬೆನ್ನಿಗೂ ನಡುವೆ 15ರಿಂದ 20 ಸೆಂ.ಮೀ. ಅಂತರ ಬೇಕು. ಬೆಳೆದ ಗಂಡು ಕೊಂಬೆಯ ಮೇಲೆ ಕೂತರೆ ಅದರ ಬೆನ್ನು, ತಲೆಯ ಕಿರೀಟ ಕೊಂಬೆಯಿಂದ ಇನ್ನೂ 10 ಸೆಂ.ಮೀ.ನಷ್ಟು ಮೇಲಿರುತ್ತವೆ. ಅಂದರೆ ಬೆಚ್ಚಗೆ ಕೂರುವ ಕೊಂಬೆಯನ್ನು ಜಾಲರಿಯಿಂದ ಸುಮಾರು 30 ಸೆಂ.ಮೀ. ಕೆಳಗೆ ಕಟ್ಟಬೇಕು. ತಳದ 20–30 ಸೆಂ.ಮೀ. ಕುಂಡಗಳಿಗೆ ಹೋಗುತ್ತದೆ. ಅಲ್ಲಿಗೆ ಇವನು ಇಳಿಯುವುದೂ ಅಪರೂಪ. ಕಳೆದು ಉಳಿಯುವುದು 60–70 ಸೆಂ.ಮೀ. ನಾಲ್ಕು ಅಡಿಯ ಪಂಜರದಲ್ಲಿ ಗೋಸುಂಬೆಗೆ ನಿಜವಾಗಿ ಸಿಗುವ ಎತ್ತರ ಅಷ್ಟೇ.

ಈಗ ಇದೇ ಲೆಕ್ಕವನ್ನು ಮೂರು ಅಡಿಯ ಪಂಜರಕ್ಕೆ ಹಾಕಿ. 30–40 ಸೆಂ.ಮೀ. ಉಳಿಯುತ್ತದೆ. ಎರಡು ಅಡಿಯದ್ದಾದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಮೇಲೆ ಮತ್ತು ಕೆಳಗೆ ಕಳೆಯಬೇಕಾದ ಅಳತೆ ಪಂಜರ ಚಿಕ್ಕದಾಯಿತು ಅಂತ ಕಡಿಮೆಯಾಗುವುದಿಲ್ಲ. ಒಂದು ಅಡಿ ಎತ್ತರ ಕಡಿಮೆಯಾದರೆ ಪಂಜರದ ಕಾಲು ಭಾಗ ಹೋಯಿತು ಅಂದುಕೊಳ್ಳುತ್ತೇವೆ. ಗೋಸುಂಬೆಯ ಪಾಲಿಗೆ ಹೋಗುವುದು ಅರ್ಧ ಜಾಗ.

ಆ ನಡುವಿನ ಜಾಗಕ್ಕೆ ಯಾಕಿಷ್ಟು ಬೆಲೆ ಅಂದರೆ ಗೋಸುಂಬೆ ತನ್ನ ಮೈಬಿಸಿಯನ್ನು ಜಾಗ ಬದಲಿಸಿಯೇ ಸರಿ ಮಾಡಿಕೊಳ್ಳಬೇಕು. ಚಿಗುರನಿಗೆ ಮೇಲಿನ ಕೊಂಬೆಯಲ್ಲಿ 29–30 ಡಿಗ್ರಿ ಸೆಲ್ಸಿಯಸ್ ಇರುವ ಹಾಗೆ ದೀಪ ಇಟ್ಟಿದ್ದೇನೆ. ಕೆಳಗೆ ಇಳಿದ ಹಾಗೆ ಅದು ಕೋಣೆಯ ಉಷ್ಣಾಂಶಕ್ಕೆ ಬರುತ್ತದೆ, 23ರ ಆಸುಪಾಸು. ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಮೈಬಣ್ಣ ಕಪ್ಪಾಗಿಸಿಕೊಂಡು, ಮೈಯನ್ನು ಚಪ್ಪಟೆ ಮಾಡಿ, ದೀಪಕ್ಕೆ ಪಕ್ಕೆ ಕೊಟ್ಟು ಕೂರುತ್ತಾನೆ. ಬಿಸಿ ಸಾಕಾದ ಮೇಲೆ ತಾನಾಗಿಯೇ ಹಸಿರು ಬಣ್ಣಕ್ಕೆ ತಿರುಗಿ ಎಲೆಗಳ ನಡುವೆ ಇಳಿದುಬಿಡುತ್ತಾನೆ. ಮಧ್ಯಾಹ್ನದ ಬಹುಪಾಲು ಅಲ್ಲಿಯೇ. ಎತ್ತರವಿಲ್ಲದ ಪಂಜರದಲ್ಲಿ ಈ ಇಳಿಯುವಿಕೆಗೆ ದಾರಿಯೇ ಇರುವುದಿಲ್ಲ. ಎಲ್ಲಿ ಕೂತರೂ ಬಿಸಿ. ಗೋಸುಂಬೆ ಬಾಯಿ ತೆರೆದುಕೊಂಡೇ ಕೂತಿದ್ದರೆ ಅದಕ್ಕೆ ಸೆಕೆ ತಡೆಯಲಾಗುತ್ತಿಲ್ಲ ಅಂತಲೂ ಇರಬಹುದು. ಕೊಂಬೆ ದೀಪಕ್ಕೆ ತೀರಾ ಹತ್ತಿರವಿದ್ದರೆ ಕಿರೀಟ ಸುಡುವ ಅಪಾಯವೂ ಇದೆ. ಜಾಲರಿಯ ಮಾಡಿಗೆ ನೇತುಬಿದ್ದು ದೀಪದ ಕೆಳಗೆ ಬರುವ ಅಭ್ಯಾಸ ಹಲವಕ್ಕೆ ಇರುತ್ತದೆ. ಅದಕ್ಕೇ ದೀಪವನ್ನು ಜಾಲರಿಯ ಮೇಲೆ ನೇರವಾಗಿ ಇಡದೆ ಸ್ವಲ್ಪ ಮೇಲಕ್ಕೆ ಎತ್ತಿ ತೂಗುಹಾಕಿದ್ದೇನೆ.

ಬೆಳೆದ ಹಾಗೆ ಕೊಂಬೆಯನ್ನು ಕೆಳಕ್ಕೆ ಇಳಿಸುತ್ತಾ ಬರಬೇಕು. ಮರಿಯ ಬೆನ್ನು ಕೊಂಬೆಗೆ ಅಂಟಿದಂತೆ ಇರುತ್ತದೆ, ದೊಡ್ಡದರದ್ದು ಹಾಗಲ್ಲ. ಅಂತರವನ್ನು ಯಾವಾಗಲೂ ಬೆನ್ನಿನಿಂದ ಅಳೆಯಿರಿ, ಕೊಂಬೆಯಿಂದ ಬೇಡ. ಯುವಿ ಸೂಚ್ಯಂಕ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆನ್ನಿನ ಮಟ್ಟದಲ್ಲಿ 3ರ ಸುತ್ತ ಇದ್ದರೆ ಸರಿ. ಜಾಲರಿ ಕೂಡ ಯುವಿಬಿಯ ಒಂದು ಪಾಲನ್ನು ತಡೆಯುತ್ತದೆ. ಹಾಗಾಗಿ ಬೇರೆಯವರ ಪಂಜರದ ಅಂತರ ನಿಮ್ಮದಕ್ಕೆ ಅಷ್ಟೇ ಕರಾರುವಾಕ್ಕಾಗಿ ಹೊಂದುವುದಿಲ್ಲ.

ಅಗಲದ ವಿಷಯಕ್ಕೆ ಬಂದರೆ, ನನಗೆ ಈ ಪಂಜರದ ಬಗ್ಗೆ ಇರುವ ಒಂದೇ ದೊಡ್ಡ ಅಸಮಾಧಾನ ಇಲ್ಲಿದೆ. ಗಂಡು ವೇಲ್ಡ್ ಬಾಲ ಸೇರಿ 45 ಸೆಂ.ಮೀ. ದಾಟುವುದು ಸಾಮಾನ್ಯ, ಕೆಲವು 60ರ ಹತ್ತಿರ ಹೋಗುತ್ತವೆ. ಪಂಜರದ ಅಗಲ 60. ನಾಲ್ಕು ಹೆಜ್ಜೆ ಇಟ್ಟರೆ ಕೊಂಬೆ ಮುಗಿಯುತ್ತದೆ. ಎತ್ತರದಲ್ಲಿ ಬಿಸಿ-ತಂಪು ಸಿಗುತ್ತದೆ ನಿಜ, ಆದರೆ ಒಂದೇ ಮಟ್ಟದಲ್ಲಿ ಒಂದು ಕಡೆ ಬೆಳಕು, ಇನ್ನೊಂದು ಕಡೆ ದಟ್ಟ ಎಲೆಯ ಮರೆ ಮಾಡಲು ಅಗಲ ಬೇಕು. ಬೆದರಿದಾಗ ಗೋಸುಂಬೆ ಸಾಮಾನ್ಯವಾಗಿ ಕೆಳಗೆ ಓಡುವುದಿಲ್ಲ, ಅಲ್ಲೇ ಪಕ್ಕದ ಎಲೆಯ ಹಿಂದೆ ಸರಿಯುತ್ತದೆ. ಕೊಳ್ಳುವ ಶಕ್ತಿ ಮತ್ತು ಜಾಗ ಇರುವವರಿಗೆ ನನ್ನ ಸಲಹೆ ಇಷ್ಟು: ನಾಲ್ಕು ಅಡಿ ಎತ್ತರ ಬಂದ ಮೇಲೆ ಐದನೇ ಅಡಿಗೆ ಹೋಗಬೇಡಿ, ಅಗಲವನ್ನು ಮೂರು ಅಡಿ ಮಾಡಿಕೊಳ್ಳಿ.

ಪಂಜರ ತರುವಾಗ ಮಾರುವವರು ಒಂದು ಮಾತು ಹೇಳಿದ್ದರು. ಮರಿಯನ್ನು ದೊಡ್ಡ ಪಂಜರದಲ್ಲಿ ಬಿಟ್ಟರೆ ಅದಕ್ಕೆ ಊಟ ಸಿಗುವುದಿಲ್ಲ, ಮೊದಲು ಚಿಕ್ಕದು ತಗೊಳ್ಳಿ ಅಂತ. ನಾನು ನೇರವಾಗಿ ದೊಡ್ಡದನ್ನೇ ತಂದೆ, ಈಗಲೂ ಅದೇ ಸರಿ ಅನ್ನುತ್ತೇನೆ. ಎರಡು ಕಣ್ಣುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ನೋಡುವ ಪ್ರಾಣಿ ಇದು. ನಾಲಿಗೆ ಮೈಯುದ್ದಕ್ಕಿಂತಲೂ ಉದ್ದಕ್ಕೆ ಚಿಮ್ಮುತ್ತದೆ. ಎರಡು ಅಡಿ ದೂರದ ಹುಳು ಅದರ ಕಣ್ಣಿಗೆ ಬೀಳದೆ ಇರುವುದಿಲ್ಲ. ನಿಜವಾದ ತೊಂದರೆ ಹುಳುಗಳದ್ದು. ಮರಿಗೆ ಕೊಡುವ ಸಣ್ಣ ಕ್ರಿಕೆಟ್ ಹುಳುಗಳು, ಹಣ್ಣಿನ ನೊಣಗಳು ಜಾಲರಿಯ ಕಣ್ಣಿನಿಂದ ನುಸುಳಿ ಹೊರಗೆ ಹೋಗುತ್ತವೆ. ಉಳಿದವು ಕುಂಡದ ಮಣ್ಣಿನಲ್ಲಿ ಅಡಗುತ್ತವೆ. ಇದಕ್ಕೆ ಉಪಾಯ ಸುಲಭ. ಗೋಡೆ ನುಣುಪಾಗಿರುವ, ಆಳವಾದ ಬಟ್ಟಲೊಂದನ್ನು ಕೊಂಬೆಯ ಪಕ್ಕದಲ್ಲಿ ದಿನವೂ ಒಂದೇ ಜಾಗದಲ್ಲಿ ಕಟ್ಟಿ, ಅದರಲ್ಲೇ ಹುಳು ಹಾಕಿ. ಬೇಗ ಕಲಿತುಕೊಳ್ಳುತ್ತದೆ. ಹಾಗಂತ ಮೊಟ್ಟೆಯಿಂದ ಈಗಷ್ಟೇ ಬಂದ ಮರಿಗಳಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಅವು ತಿಂದವೋ ಇಲ್ಲವೋ, ನೀರು ಕುಡಿದವೋ ಅಂತ ಹತ್ತಿರದಿಂದ ನೋಡಬೇಕಾಗುತ್ತದೆ, ಅದಕ್ಕೆ ಚಿಕ್ಕ ಪಂಜರವೇ ಅನುಕೂಲ. ಮೂರು ತಿಂಗಳು ದಾಟಿ ಚೆನ್ನಾಗಿ ತಿನ್ನುತ್ತಿರುವ ಮರಿಗೆ ದೊಡ್ಡ ಪಂಜರ ಧಾರಾಳವಾಗಿ ಆಗುತ್ತದೆ. ಒಳಗೆ ಗಿಡ ತುಂಬಿರಬೇಕು, ಅಷ್ಟೇ.

ಈ "ಅಷ್ಟೇ" ಚಿಕ್ಕ ಮಾತಲ್ಲ. ಅಳತೆ ಎಷ್ಟೇ ಇರಲಿ, ಖಾಲಿ ಪಂಜರ ಗೋಸುಂಬೆಗೆ ಚಿಕ್ಕದೇ. ಗಾಳಿಯಲ್ಲಿ ನಡೆಯಲು ಬರುವುದಿಲ್ಲ ಅದಕ್ಕೆ. ಕಾಲಿಗೆ ಸಿಗುವ ಕೊಂಬೆ ಎಷ್ಟಿದೆಯೋ ಅಷ್ಟೇ ಅದರ ಮನೆ. ನಮ್ಮದರಲ್ಲಿ ಬೆರಳಿನಷ್ಟು, ಹೆಬ್ಬೆರಳಿನಷ್ಟು ದಪ್ಪದ ಕೊಂಬೆಗಳು ಅಡ್ಡಡ್ಡ, ಓರೆಯಾಗಿ ಒಂದಕ್ಕೊಂದು ತಾಗಿಕೊಂಡಿವೆ. ಮೇಲಿನ ಕೊಂಬೆಯಿಂದ ಕೆಳಗಿನ ಕುಂಡದವರೆಗೆ ಎಲ್ಲೂ ಜಾಲರಿ ಹಿಡಿಯದೆ ಹೋಗಬಹುದು. ಮನಿ ಪ್ಲಾಂಟ್, ದಾಸವಾಳ ಮತ್ತು ಫೈಕಸ್ ಗಿಡಗಳಿವೆ. ವೇಲ್ಡ್ ಗೋಸುಂಬೆ ಎಲೆ ತಿನ್ನುತ್ತದೆ. ಹಾಗಾಗಿ ಔಷಧಿ ಸಿಂಪಡಿಸದ, ವಿಷವಿಲ್ಲದ ಗಿಡಗಳನ್ನೇ ಇಡಿ. ದಾಸವಾಳದ ಹೂವನ್ನಂತೂ ಇವನು ಅರಳಿದ ದಿನವೇ ಮುಗಿಸುತ್ತಾನೆ. ಗೋಸುಂಬೆ ದಿನವಿಡೀ ಜಾಲರಿಗೆ ಉಗುರು ಸಿಕ್ಕಿಸಿಕೊಂಡು ಅತ್ತಿತ್ತ ಹತ್ತಿ ಇಳಿಯುತ್ತಿದ್ದರೆ ಅದಕ್ಕೆ ಏನೋ ಸರಿಯಿಲ್ಲ ಅಂತ ತಿಳಿಯಿರಿ. ಉಗುರು ಕಿತ್ತು ಗಾಯವಾಗುವುದೂ ಉಂಟು. ಹಲವು ಸಲ ಪಂಜರ ಬದಲಿಸುವುದಕ್ಕಿಂತ ಕೊಂಬೆ ಮತ್ತು ಮರೆ ಹೆಚ್ಚಿಸುವುದೇ ಅದಕ್ಕೆ ಪರಿಹಾರ.

ಜಾಲರಿಯ ದೊಡ್ಡ ಲಾಭ ಗಾಳಿಯಾಟ. ಗೋಸುಂಬೆ ಬಟ್ಟಲಿನಲ್ಲಿ ನಿಂತ ನೀರು ಕುಡಿಯುವುದು ಕಡಿಮೆ. ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಅದಕ್ಕಾಗಿ ಮಿಸ್ಟರ್‌ನಿಂದ (ನೀರನ್ನು ಮಂಜಿನಂತೆ ಚಿಮ್ಮಿಸುವ ಸಾಧನ) ನೀರು ಸಿಂಪಡಿಸಬೇಕು, ಆಮೇಲೆ ಎಲ್ಲ ಒಣಗಬೇಕು. ಬಿಸಿ ಮತ್ತು ತೇವ ಎರಡೂ ಸೇರಿ ಗಾಳಿ ನಿಂತರೆ ಶ್ವಾಸಕೋಶದ ಸೋಂಕಿಗೆ ದಾರಿ. ಈ ಪಂಜರದಲ್ಲಿ ಆ ಚಿಂತೆ ಕಡಿಮೆ. ಆದರೆ ಒಣಹವೆಯ ದಿನಗಳಲ್ಲಿ ತೇವ ನಿಲ್ಲುವುದೇ ಇಲ್ಲ. ಚಳಿಯಲ್ಲಿ ಬಿಸಿಯೂ ನಿಲ್ಲುವುದಿಲ್ಲ. ಹಿಂಭಾಗ ಮತ್ತು ಎರಡು ಪಕ್ಕಗಳಿಗೆ ಹೊರಗಿನಿಂದ ಬಿಳಿ ಪಿವಿಸಿ ಹಾಳೆ ಕಟ್ಟಿದ ಮೇಲೆ ಎರಡೂ ಹತೋಟಿಗೆ ಬಂದವು. ಮೇಲ್ಭಾಗ ಮತ್ತು ಮುಂಭಾಗ ತೆರೆದೇ ಇವೆ. ಗೋಡೆಗೆ ನೀರು ಸಿಡಿಯುವುದೂ ನಿಂತಿತು. ಹೊಳೆಯುವ ಹಾಳೆ ಬೇಡ. ತನ್ನದೇ ಪ್ರತಿಬಿಂಬ ಕಂಡರೆ ಗಂಡು ಅದನ್ನು ಇನ್ನೊಂದು ಗಂಡು ಅಂದುಕೊಂಡು ಕೆರಳುತ್ತದೆ. ನಿಮ್ಮ ಕೋಣೆ ವರ್ಷವಿಡೀ ತಣ್ಣಗೆ, ಒಣಗಿಯೇ ಇರುವುದಾದರೆ ಮೂರು ಕಡೆ ಗಟ್ಟಿ ಗೋಡೆಯಿದ್ದು ಮೇಲೆ ಮತ್ತು ಕೆಳಗೆ ಗಾಳಿಕಿಂಡಿ ಇರುವ ಪಂಜರವನ್ನೇ ನೇರವಾಗಿ ಕೊಳ್ಳುವುದು ಒಳ್ಳೆಯದು.

ಇಷ್ಟು ಕಾಲದ ಬಳಕೆಯಲ್ಲಿ ಪಂಜರ ಹೇಗೆ ತಾಳಿದೆ? ಅಲ್ಯೂಮಿನಿಯಂಗೆ ತುಕ್ಕಿಲ್ಲ, ಆದರೆ ಸ್ಕ್ರೂಗಳಿಗೆ ಹಿಡಿದಿದೆ. ಜಾಲರಿಯ ಮೇಲೆ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ, ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ಹಾಗೆ ಒರೆಸುವಾಗ ಚಿಗುರನನ್ನು ಹೊರಗೆ ಬಿಟ್ಟು, ಆಮೇಲೆ ನೀರಿನಿಂದ ತೊಳೆದು ಒಣಗಿಸುತ್ತೇನೆ. ಜಾಲರಿ ಭಾರ ತಡೆಯುವುದಿಲ್ಲ. ಕೊಂಬೆ, ನೇತು ಹಾಕುವ ಕುಂಡ ಯಾವುದನ್ನೂ ಅದಕ್ಕೆ ಕಟ್ಟಬೇಡಿ. ಚೌಕಟ್ಟಿನಿಂದ ಚೌಕಟ್ಟಿಗೆ ಅಡ್ಡ ಪಟ್ಟಿ ಕೂರಿಸಿ ಅದಕ್ಕೆ ಕಟ್ಟಿ. ತಳದ ಹಲಗೆ ಈ ಪಂಜರದ ಬಲಹೀನ ಭಾಗ. ನೀರು ಹೋಗಲು ದಾರಿ ಇಲ್ಲ, ಒದ್ದೆ ಮಣ್ಣಿನ ಕುಂಡಗಳ ಭಾರಕ್ಕೆ ನಡುವೆ ಬಗ್ಗಿ ಅಲ್ಲೇ ನೀರು ನಿಲ್ಲುತ್ತದೆ. ಬಗ್ಗಿದ ಜಾಗದಲ್ಲೇ ತೂತು ಕೊರೆದು, ಕೆಳಗೆ ಆಳವಾದ ಟ್ರೇ ಇಟ್ಟಿದ್ದೇನೆ. ಇಷ್ಟು ದೊಡ್ಡ ಪಂಜರ ಮಾಡುವವರು ನೀರಿನ ದಾರಿಯನ್ನೂ ಮಾಡಿ ಕೊಡಬೇಕಿತ್ತು.

ಹೆಣ್ಣು ವೇಲ್ಡ್‌ಗೆ ಒಂದೂವರೆ ಅಡಿ ಚದರ, ಮೂರು ಅಡಿ ಎತ್ತರ ಸಾಕು ಅನ್ನುವವರು ಬಹಳ ಮಂದಿ. ಮೈಯಳತೆ ನೋಡಿದರೆ ಆ ಮಾತು ಸರಿ. ಆದರೆ ಹೆಣ್ಣು ಗಂಡಿನ ಜೊತೆ ಸೇರದಿದ್ದರೂ ಮೊಟ್ಟೆ ಇಡುತ್ತದೆ, ಒಮ್ಮೆಗೆ ಹತ್ತಾರು. ಅಗೆಯಲು ಒದ್ದೆ ಮರಳಿನ ಡಬ್ಬಿ ಒಳಗೇ ಇರಬೇಕು, ಸುಮಾರು ಒಂದು ಅಡಿ ಅಗಲ, ಒಂದು ಅಡಿ ಆಳದ್ದು. ಜಾಗ ಸಿಗದೆ ಮೊಟ್ಟೆ ಒಳಗೇ ಉಳಿದರೆ ಜೀವಕ್ಕೇ ಅಪಾಯ. ಒಂದೂವರೆ ಅಡಿಯ ತಳದಲ್ಲಿ ಆ ಡಬ್ಬಿ ಇಟ್ಟ ಮೇಲೆ ಗಿಡಕ್ಕೆ ಎಲ್ಲಿ ಜಾಗ? ಹೆಣ್ಣಿಗೂ ಎರಡು ಅಡಿಯದ್ದನ್ನೇ ಕೊಡಿ. ಒಂದೇ ಪಂಜರದಲ್ಲಿ ಎರಡನ್ನು ಮಾತ್ರ ಯಾವ ಅಳತೆಗೂ ಬಿಡಬೇಡಿ, ಇವು ಒಂಟಿಯಾಗಿ ಬದುಕುವ ಪ್ರಾಣಿಗಳು. ಅಂಗೈಯೊಳಗೆ ಕೂರುವ ಪಿಗ್ಮಿ ಗೋಸುಂಬೆಗಳ ಲೆಕ್ಕವೇ ಬೇರೆ. ಅವು ನೆಲದ ಹತ್ತಿರ, ತೇವದಲ್ಲಿ ಇರುವಂಥವು. ಗಿಡ ತುಂಬಿದ ಚಿಕ್ಕ ಗಾಜಿನ ಪೆಟ್ಟಿಗೆ ಅವಕ್ಕೆ ಸಾಕು. ಇನ್ನೊಂದು ತುದಿಯಲ್ಲಿ ಮಡಗಾಸ್ಕರದ ಪಾರ್ಸನ್ಸ್ ಗೋಸುಂಬೆ ಇದೆ. 65 ಸೆಂ.ಮೀ.ಗೂ ಮೀರಿ ಬೆಳೆಯುವ ಅದಕ್ಕೆ ನಾನು ಹೇಳುತ್ತಿರುವ ಪಂಜರ ಏನೇನೂ ಸಾಲದು.

ಕೊಳ್ಳುವ ಮೊದಲು ಕೋಣೆಯಲ್ಲಿ ಒಂದು ಅಳತೆ ಮಾಡಿಕೊಳ್ಳಿ. ನೆಲದ ಮೇಲೆ ಪಂಜರ ಇಟ್ಟರೆ ನಾವು ಮೇಲಿನಿಂದ ಬಗ್ಗಿ ನೋಡುವ ಹಾಗಾಗುತ್ತದೆ. ಮೇಲಿನಿಂದ ಬರುವುದೆಲ್ಲ ಗೋಸುಂಬೆಗೆ ಹದ್ದಿನ ಹಾಗೆ. ತಾನು ಎಲ್ಲರಿಗಿಂತ ಮೇಲೆ ಇದ್ದರೆ ನೆಮ್ಮದಿಯಾಗಿರುತ್ತದೆ. ಆದ್ದರಿಂದ ಎರಡು ಅಡಿ ಎತ್ತರದ ಗಟ್ಟಿ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ 60, ಪಂಜರ 120, ಅದರ ಮೇಲೆ ದೀಪಗಳಿಗೆ 15–20. ಒಟ್ಟು 2 ಮೀಟರ್ ಹತ್ತಿರ. ಬಲ್ಬ್ ಬದಲಿಸಲು ಕೈ ಹೋಗುವಷ್ಟು ಜಾಗ ಅದರ ಮೇಲೂ ಇರಲಿ. ಪೂರ್ತಿ ಜೋಡಿಸಿ ಕುಂಡಗಳಿಗೆ ನೀರು ಹಾಕಿದ ಮೇಲೆ ಇದನ್ನು ಒಬ್ಬರೇ ಸರಿಸಲು ಆಗುವುದಿಲ್ಲ. ಫ್ಯಾನ್, ಎಸಿ, ಕಿಟಕಿಯ ನೇರ ಬಿಸಿಲು, ಜನರ ಓಡಾಟ ಇಷ್ಟನ್ನೂ ನೋಡಿಕೊಂಡು ಮೂಲೆಯನ್ನು ಮೊದಲು ಗೊತ್ತುಮಾಡಿ, ಪಂಜರವನ್ನು ಅಲ್ಲಿಯೇ ಜೋಡಿಸಿ.